ಬೀದಿಗೊಂದು ವಜೀರಾಬಿ

ಊರ ಹೆಸರು ಹೇಳುವುದಿಲ್ಲ. ಕರಜಗಿಯಿಂದ ಆಚೆಗೆ, ಭೀಮಾ ನದಿಗೆ ಹತ್ತಿರ, ಕಬ್ಬಿನ ಹೊಲಗಳ ನಡುವೆ ಇರುವ ಊರು ಎಂದರೆ ಸಾಕು. ಪಂಚಾಯಿತಿ ಚುನಾವಣೆ ಮುಗಿದಿದೆ. ಆದರೆ ಗೆದ್ದವರು, ಸೋತವರು, ಬೈದವರು, ಬೈಸಿಕೊಂಡವರು ಎಲ್ಲರೂ ಇನ್ನೂ ಅದೇ ಬೀದಿಗಳಲ್ಲಿ ದಿನಾ ಎದುರುಬದುರಾಗಬೇಕು. ನಾನು ಆ ಊರಿನ ಅಳಿಯ. ಅಳಿಯನಾದವನಿಗೆ ಊರಿನ ಸುದ್ದಿಯೆಲ್ಲ ಸಿಗುತ್ತದೆ, ಯಾವುದರಲ್ಲೂ ಬಾಯಿ ಹಾಕುವ ಹಕ್ಕು ಇರುವುದಿಲ್ಲ. ಅದಕ್ಕೇ ಈ ಕತೆಯನ್ನು ನಾನು ಸರಿಯಾಗಿ ಕೇಳಿಸಿಕೊಂಡೆ.

ಕತೆ ವಜೀರುನ್ನಿಸಾ ಅವರದು. ಊರಿಗೆ ಆಕೆ ವಜೀರಾಬಿ. ಅರವತ್ತರ ಆಸುಪಾಸು, ಎತ್ತರದ ಆಳು, ನಡೆದರೆ ಬೀದಿ ತನ್ನದೇ ಎಂಬ ನಡಿಗೆ. ಮಸೀದಿ ಓಣಿಗೂ ಹನುಮಪ್ಪನ ಓಣಿಗೂ ನಡುವೆ ಒಂದು ತಗಡಿನ ಶೆಡ್ಡಿನಲ್ಲಿ ಆಕೆಯ ರೊಟ್ಟಿ ಕೇಂದ್ರವಿದೆ. ಎರಡೂ ಓಣಿಯ ಹೆಂಗಸರು ಬೆಳಗಾಗುತ್ತಲೇ ಅಲ್ಲಿ ಕೂತು ಜೋಳದ ರೊಟ್ಟಿ ಬಡಿಯುತ್ತಾರೆ. ರೊಟ್ಟಿಯ ಬುಟ್ಟಿಗಳು ಟಂಟಂ ಗಾಡಿಯಲ್ಲಿ ಗಾಣಗಾಪುರದ ಖಾನಾವಳಿಗಳಿಗೆ ಹೋಗುತ್ತವೆ. ದತ್ತನ ದರ್ಶನಕ್ಕೆ ಮಹಾರಾಷ್ಟ್ರದಿಂದ ಬಂದವರು ಆ ರೊಟ್ಟಿ ಮುರಿದು ಶೇಂಗಾ ಹಿಂಡಿಯ ಜೊತೆ ತಿಂದು, ಊರಿಗೂ ನಾಲ್ಕು ಕಟ್ಟಿಸಿಕೊಂಡು ಹೋಗುತ್ತಾರೆ.

ಇದು ಈಗಿನ ವಜೀರಾಬಿ. ಇದಕ್ಕಿಂತ ಮುಂಚೆ ಬೇರೆ ಒಬ್ಬಳು ಇದ್ದಳು. ಊರಿನ ಹಿರಿಯರಿಗೆ ಅದು ಗೊತ್ತಿತ್ತು, ಕಿರಿಯರಿಗೆ ಗೊತ್ತಿರಲಿಲ್ಲ.

ಆಕೆಯ ತಂದೆ ಪೀರಸಾಬ ಪೇಟಿ ಮಾಸ್ತರ. ಹಾರ್ಮೋನಿಯಂಗೆ ನಮ್ಮ ಕಡೆ ಪೇಟಿ ಎನ್ನುತ್ತಾರೆ. ಭೀಮಾತೀರ ನಾಟ್ಯ ಸಂಘ ಎಂಬ ಕಂಪನಿಯಲ್ಲಿ ಪೇಟಿ ನುಡಿಸುತ್ತಿದ್ದರು. ಕಂಪನಿ ಜೇವರ್ಗಿಯಲ್ಲಿ ಒಂದಷ್ಟು ದಿನ, ಆಳಂದದಲ್ಲಿ ಒಂದಷ್ಟು ದಿನ, ಅಫಜಲಪುರದಲ್ಲಿ ಒಂದಷ್ಟು ದಿನ ತಗಡಿನ ಥೇಟರು ಹಾಕುತ್ತಿತ್ತು. ತಾಯಿಯಿಲ್ಲದ ಮಗಳನ್ನು ಪೀರಸಾಬರು ಜೊತೆಗೇ ಇಟ್ಟುಕೊಂಡರು. ಆಕೆ ಬಣ್ಣದ ಪೆಟ್ಟಿಗೆಗಳ ನಡುವೆ ಬೆಳೆದಳು. ಮನೆಯಲ್ಲಿ ಉರ್ದು, ರಂಗದ ಮೇಲೆ ಕನ್ನಡ. ಹದಿನಾರು ತುಂಬುವ ಹೊತ್ತಿಗೆ ಕಂಪನಿಯ ಎಲ್ಲ ನಾಟಕಗಳ ಎಲ್ಲ ಪಾತ್ರಗಳ ಮಾತೂ ಬಾಯಿಗೆ ಬಂದಿತ್ತು. ಒಂದು ಸಲ ನಾಯಕಿಗೆ ಜ್ವರ ಬಂತು. ಅವತ್ತು ಬಣ್ಣ ಹಚ್ಚಿದ ವಜೀರುನ್ನಿಸಾ ಮತ್ತೆ ಅದನ್ನು ಒರೆಸಿದ್ದು ಕಂಪನಿ ಮುಚ್ಚಿದ ಮೇಲೆಯೇ.

ಇವತ್ತು ದೇವಿಯ ಪಾತ್ರವಾದರೆ ನಾಳೆ ಗಂಡನ ಕಿವಿ ಹಿಂಡುವ ಗಯ್ಯಾಳಿ. ದೇವಿಯಾದಾಗ ಮಂದಿ ತೆಂಗಿನಕಾಯಿ ತರುತ್ತಿದ್ದರು, ಗಯ್ಯಾಳಿಯಾದಾಗ ಸಿಳ್ಳೆ ಹಾಕುತ್ತಿದ್ದರು. ಘತ್ತರಗಿಯಲ್ಲಿ ಕ್ಯಾಂಪು ಇದ್ದಾಗ, ಭಾಗ್ಯವಂತಿ ಗುಡಿಗೆ ಬಂದ ಒಬ್ಬ ಮುದುಕಿ ಚಹಾದಂಗಡಿಯ ಮುಂದೆ ಆಕೆಯ ಕಾಲಿಗೆ ಬೀಳಲು ಬಂದಳಂತೆ. ವಜೀರಾಬಿ ಹಿಂದೆ ಸರಿದು, "ಅಜ್ಜಿ, ನಾ ಪೀರಸಾಬನ ಮಗಳು ಅದೇನಿ" ಎಂದರು. ಮುದುಕಿ, "ಹಗಲಿಗಿ ನೀ ಯಾರರೆ ಆಗವಾ, ನಿನ್ನೆ ಮಾತ್ರ ನೀ ಆಕಿನ ಇದ್ದಿ" ಎಂದು ಕೈ ಮುಗಿದೇ ಹೋದಳು.

ಆದರೆ ಹೆಸರು ತಂದದ್ದು ಒಂದು ಹಾಸ್ಯದ ಹಾಡು. ಪೀರಸಾಬರೇ ಅದಕ್ಕೆ ರಾಗ ಹಾಕಿದ್ದರು.

*ಗಂಡ ನನ್ನವ ಪ್ಯಾಟಿಗಿ ಹೋಗ್ಯಾನ,*
*ಗಡಗಿ ತಾ ಅಂದರ ಗಡಿಯಾರ ತಂದಾನ.*
*ಜ್ವಾಳ ತಾ ಅಂದರ ಜೋಕಾಲಿ ತಂದಾನ,*
*ಜೋಡಿಲೆ ಕುಂತರ ಹಗ್ಗಾ ಹರದಾನ.*

ಹಗ್ಗ ಹರಿಯುವ ಸಾಲಿಗೆ ಆಕೆ ಸೊಂಟದ ಮೇಲೆ ಕೈಯಿಟ್ಟು ಒಂದು ನೋಟ ನೋಡುತ್ತಿದ್ದರು. ಆ ನೋಟಕ್ಕಾಗಿ ಮಂದಿ ಎರಡೆರಡು ಸಲ ಟಿಕೀಟು ತೆಗೆಸುತ್ತಿದ್ದರಂತೆ. ಕಂಪನಿಯವರು ಆ ಹಾಡನ್ನು ಕ್ಯಾಸೆಟ್ ಮಾಡಿ ಥೇಟರಿನ ಬಾಗಿಲಲ್ಲಿ ಮಾರಿದರು ಕೂಡ.

ಮೈಕು, ಲೈಟು ನೋಡಿಕೊಳ್ಳುತ್ತಿದ್ದ ಏಜಾಜ ಎಂಬಾತನನ್ನು ಆಕೆ ಮದುವೆಯಾದರು. ಮುಂದೆ ಮನೆಮನೆಗೆ ಟಿವಿ ಬಂತು, ಕಂಪನಿ ಮುಚ್ಚಿತು. ಗಂಡಹೆಂಡತಿ ಏಜಾಜನ ಊರಾದ ಈ ಊರಿಗೆ ಬಂದು ನೆಲೆಸಿದರು. ಆತ ಪಂಪ್‌ಸೆಟ್ ಮೋಟಾರು ರಿಪೇರಿ ಮಾಡುತ್ತಿದ್ದ, ಆಕೆ ರೊಟ್ಟಿ ಬಡಿದರು. ಆತ ತೀರಿಕೊಂಡು ಕೆಲವು ವರ್ಷವಾಯಿತು. ಒಬ್ಬಳೇ ಮಗಳು ಯಾಸ್ಮೀನ ಬಿ.ಎಡ್. ಓದಿ, ಆಳಂದದ ಫಯಾಜನನ್ನು ಮದುವೆಯಾಗಿ ಅಲ್ಲೇ ಒಂದು ಶಾಲೆಯಲ್ಲಿ ಪಾಠ ಹೇಳುತ್ತಾಳೆ. ಫಯಾಜನ ತಾಯಿ ಖಮರ ಬೇಗಂ ಬಿಗಿಯಾದ ಹೆಂಗಸು. ಮಾತು ಕಡಿಮೆ, ನಮಾಜು ತಪ್ಪಿಸುವವರಲ್ಲ. ಮದುವೆ ಮಾತುಕತೆಯಲ್ಲಿ ಅವರು ನಾಟಕದ ಸುದ್ದಿ ಕೇಳಲಿಲ್ಲ, ಇವರು ಹೇಳಲಿಲ್ಲ.

ಹೀಗಿರುವಾಗ ಚುನಾವಣೆ ಬಂತು.

ಗ್ರಾಮ ಪಂಚಾಯಿತಿಗೆ ಪಕ್ಷದ ಚಿಹ್ನೆ ಇರುವುದಿಲ್ಲ, ಗುಂಪು ಇರುತ್ತದೆ. ಅದಕ್ಕೆ ಪ್ಯಾನೆಲ್ ಎನ್ನುತ್ತಾರೆ. ನಮ್ಮ ಊರಿನಲ್ಲಿ ಒಂದು ಪ್ಯಾನೆಲ್ ಗೊಬ್ಬರದ ಅಂಗಡಿಯ ದತ್ತಪ್ಪನದು. ಸಾವ್ಕಾರ ಎನ್ನಿಸಿಕೊಳ್ಳುವ ಆತ ಮುಂಚೆ ಅಧ್ಯಕ್ಷನಾಗಿದ್ದವನು, ದಪ್ಪ ಮೀಸೆ, ಸದಾ ಇಸ್ತ್ರಿ ಮಾಡಿದ ಬಿಳಿ ಅಂಗಿ. ಇನ್ನೊಂದು ಕಬ್ಬು ಬೆಳೆಯುವ ಅಂಬಾರಾಯ ಗೌಡರದು. ಒಂದೇ ವಾರ್ಡಿನಲ್ಲಿ ಹಲವು ಸೀಟುಗಳು. ಅವುಗಳಲ್ಲಿ ಹೆಣ್ಣುಮಕ್ಕಳ ಸೀಟಿಗೆ ಎರಡೂ ಓಣಿಯ ಮತ ತರುವ ಒಬ್ಬರು ಗೌಡರಿಗೆ ಬೇಕಾಗಿದ್ದರು. ಅವರು ರೊಟ್ಟಿ ಕೇಂದ್ರಕ್ಕೆ ಬಂದು ಕೇಳಿದಾಗ ವಜೀರಾಬಿ ನಕ್ಕರು.

"ನನಗ್ಯಾಕ್ರಿ ಗೌಡ್ರ? ನನಗ ಹಿಟ್ಟು ನಾದೂದು ಬರತದ, ಸಭಾದಾಗ ಕೂಡೂದು ಬರಂಗಿಲ್ಲ."

ಪಕ್ಕದಲ್ಲಿ ರೊಟ್ಟಿ ಬಡಿಯುತ್ತಿದ್ದ ಮಲ್ಕಮ್ಮ ತಲೆ ಎತ್ತದೆ ಹೇಳಿದಳು: "ನಿಂದರ್ರಿ ಅಕ್ಕಾ. ನಾವು ಪಂಚಾಯ್ತಿಗಿ ಹೋಗಿ ಏನರೆ ಅಂದ್ರ ಅವ್ರಿಗಿ ಕೇಳಸಂಗೇ ಇಲ್ಲ. ನಿಮ್ಮ ದನಿ ಆದ್ರ ಹೊರಗ ಕಟ್ಟಿ ಮ್ಯಾಲ ಕುಂತವ್ರಿಗೂ ಕೇಳಸತದ."

ಮಲ್ಕಮ್ಮ ಹನುಮಪ್ಪನ ಓಣಿಯವಳು. ಮಸೀದಿ ಓಣಿಯ ತಬಸ್ಸುಮಳೂ "ಹೌದು ಆಪಾ" ಎಂದಳು. ನಾಮಪತ್ರ ಹೋಯಿತು. ಸಿಕ್ಕ ಚಿಹ್ನೆ ಪ್ರೆಶರ್ ಕುಕ್ಕರ್. ಜೋಳದ ರೊಟ್ಟಿಗೂ ಕುಕ್ಕರಿಗೂ ಏನು ಸಂಬಂಧ ಎಂದು ಯಾರಾದರೂ ಕೇಳಿದರೆ, "ಬ್ಯಾಳಿ ಬ್ಯಾಡೇನು ರೊಟ್ಟಿಗಿ?" ಎನ್ನುತ್ತ ಮನೆಮನೆ ತಿರುಗಿದರು. ಮೊದಲ ವಾರದಲ್ಲೇ ಆಕೆ ಗೆಲ್ಲುತ್ತಾರೆ ಎಂಬ ಮಾತು ಹುಟ್ಟಿತು. ದತ್ತಪ್ಪನ ಅಂಗಡಿಯವರೆಗೂ ಅದು ಹೋಯಿತು.

ಒಂದು ಬೆಳಿಗ್ಗೆ ವಜೀರಾಬಿ ಕೇಂದ್ರಕ್ಕೆ ಬಂದಾಗ ಅಲ್ಲಿ ಎಂದಿನ ಗದ್ದಲವಿರಲಿಲ್ಲ. ಮಲ್ಕಮ್ಮ ಒಂದು ಮೂಲೆಯಲ್ಲಿ ಮೊಬೈಲನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕೂತಿದ್ದಳು. ತಬಸ್ಸುಮ ಇನ್ನೊಂದು ಮೂಲೆಯಲ್ಲಿ ತನ್ನ ಮೊಬೈಲನ್ನು ಹಿಟ್ಟಿನ ಡಬ್ಬಿಯ ಹಿಂದೆ ಇಟ್ಟಿದ್ದಳು. ಒಬ್ಬರ ಮುಖ ಒಬ್ಬರು ನೋಡುತ್ತಿಲ್ಲ.

"ಯಾಕ ಬೇ, ಯಾರರೆ ಹೋದ್ರೇನು?" ಎಂದರು ವಜೀರಾಬಿ.

ಮಲ್ಕಮ್ಮ ತಡವರಿಸಿದಳು. "ಏನಿಲ್ಲ ಅಕ್ಕಾ. ನಿಮ್ದು ಒಂದು ಹಾಡ ಬಂದದ ಗ್ರೂಪಿನ್ಯಾಗ. ಹಳೇದು. ಕೆಳಗ ಏನೇನೋ ಬರದಾರ."

ತಬಸ್ಸುಮ ತಿರುಗಿ ನೋಡಿದಳು. "ಹಾಡ? ನಮ್ಮ ಗ್ರೂಪಿಗಿ ಹಾಡ ಬಂದಿಲ್ಲ. ಫೋಟೋ ಬಂದದ."

ಆಗ ಎರಡೂ ಮೊಬೈಲು ಹೊರಗೆ ಬಂದವು. ಹನುಮಪ್ಪನ ಓಣಿಗೆ ಬಂದದ್ದು ಜೋಕಾಲಿಯ ಹಾಡು. ಕೆಳಗೆ, "ನಾಟಕದಾಗ ಕುಣಿದಾಕಿ ನಮ್ಮೂರಿನ ಮಾನ ಕಾಯ್ತಾಳೇನು?" ಎಂಬ ಸಾಲು. ಮಸೀದಿ ಓಣಿಗೆ ಬಂದದ್ದು, ತಲೆಗೆ ಕಿರೀಟ, ಹಣೆ ತುಂಬ ಕುಂಕುಮ, ಕೈಯಲ್ಲಿ ತ್ರಿಶೂಲ ಹಿಡಿದ ಹರೆಯದ ವಜೀರುನ್ನಿಸಾ ಅವರ ಫೋಟೋ. ಕೆಳಗೆ, "ಇಂಥಾಕೆ ನಮ್ಮ ಖೌಮಿನ ಪರವಾಗಿ ನಿಲ್ಲಬೇಕಾ?" ಎಂಬ ಪ್ರಶ್ನೆ. ಖೌಮು ಎಂದರೆ ಸಮುದಾಯ. ಹಾಡು ಆ ಓಣಿಗೆ ಹೋಗಿರಲಿಲ್ಲ, ಫೋಟೋ ಈ ಓಣಿಗೆ ಬಂದಿರಲಿಲ್ಲ. ಕಳಿಸಿದವರು ಲೆಕ್ಕ ಹಾಕಿಯೇ ಕಳಿಸಿದ್ದರು.

ವಜೀರಾಬಿ ಮೊದಲು ಹಾಡು ಕೇಳಿದರು. ಕಣ್ಣು ಮುಚ್ಚಿ ಕೇಳಿದರು. ಹಿಂದೆ ಪೇಟಿಯ ದನಿ ಬಂದಾಗ ಮೊಬೈಲನ್ನು ಕಿವಿಯ ಹತ್ತಿರ ತಂದರು ಎಂದು ಮಲ್ಕಮ್ಮ ಹೇಳುತ್ತಾಳೆ. ಅದು ಪೀರಸಾಬರ ಕೈ. ಆ ಕ್ಯಾಸೆಟ್ ಇವರ ಮನೆಯಲ್ಲೂ ಉಳಿದಿರಲಿಲ್ಲ. ಆಮೇಲೆ ಫೋಟೋ ತೆಗೆದುಕೊಂಡು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

"ಈ ಕಿರೀಟ ಎಷ್ಟು ಭಾರ ಇತ್ತಂತಿ, ಮೂರು ದಿನ ಕುತ್ತಿಗಿ ಹೊರಳತಿರಲಿಲ್ಲ," ಎಂದರು. ಮತ್ತೆ ನೋಡಿ, "ಚಂದ ಇದ್ದೆ ಅಲ್ಲಾ?" ಎಂದರು.

ತಬಸ್ಸುಮ ಕಿಸಕ್ಕನೆ ನಕ್ಕಳು. ಮಲ್ಕಮ್ಮಳಿಗೂ ನಗು ಬಂತು. ಶೆಡ್ಡಿನ ಎಲ್ಲ ಹೆಂಗಸರೂ ಒಲೆ ಬಿಟ್ಟು ಎದ್ದು ಬಂದು ಸುತ್ತ ನಿಂತರು.

"ಒಂದ ಕೆಲಸ ಮಾಡ್ರಿ," ಎಂದರು ವಜೀರಾಬಿ. "ಮಲ್ಕಮ್ಮ, ನೀ ಫೋಟೋ ತಗೊಂಡು ನಿಮ್ಮ ಓಣಿಗಿ ಹಾಕು. ತಬಸ್ಸುಮ, ನೀ ಹಾಡ ತಗೊಂಡು ನಿಮ್ಮ ಓಣಿಗಿ ಹಾಕು. ಅರ್ಧರ್ಧ ಯಾಕ ನೋಡಬೇಕು ಮಂದಿ? ಪೂರಾ ನೋಡ್ಲಿ."

ಅವರು ಹಾಗೇ ಮಾಡಿದರು. ಮಧ್ಯಾಹ್ನದ ಹೊತ್ತಿಗೆ ಹನುಮಪ್ಪನ ಓಣಿಯ ಹಿರಿಯ ಹೆಂಗಸರು ಮೊಮ್ಮಕ್ಕಳ ಮೊಬೈಲಿನಲ್ಲಿ ದೇವಿಯ ಫೋಟೋ ನೋಡಿ, "ಈಕಿನ ಅಲ್ಲೇನವಾ ಘತ್ತರಗಿದಾಗ ನಾವು ನೋಡಿದ ದೇವಿ!" ಎಂದು ಗಲ್ಲ ಬಡಿದುಕೊಂಡರು. ಮಸೀದಿ ಓಣಿಯಲ್ಲಿ ಜೋಕಾಲಿಯ ಹಾಡು ಹರಿದಾಡಿತು. ಹಗ್ಗ ಹರಿಯುವ ಸಾಲು ಎಷ್ಟು ಹಿಡಿಸಿತೆಂದರೆ ಗಂಡ ಅಂಗಡಿಯಿಂದ ಸಾಮಾನು ತಪ್ಪಿ ತಂದ ಮನೆಯಲ್ಲೆಲ್ಲ ಅದೇ ಮಾತಾಯಿತು.

ಎಲ್ಲರಿಗೂ ನಗು ಬರಲಿಲ್ಲ. ಅದನ್ನೂ ಹೇಳಬೇಕು. ಕೆಲವು ಮನೆಗಳ ಬಾಗಿಲು ಆಕೆ ಪ್ರಚಾರಕ್ಕೆ ಹೋದಾಗ ಅರ್ಧ ಮಾತ್ರ ತೆರೆದವು. ಸಂಜೆ ಆಳಂದದಿಂದ ಯಾಸ್ಮೀನಳ ಫೋನು ಬಂತು.

"ಅಮ್ಮೀ, ಇಲ್ಲಿಗೂ ಬಂದದ. ಎರಡೂ ಬಂದಾವ. ಅತ್ತೆ ನೋಡ್ಯಾರ."

"ಏನಂದ್ರು?"

"ಏನೂ ಅಂದಿಲ್ಲ. ಅದಕ್ಕ ನನಗ ಅಂಜಿಕಿ ಬಂದದ."

ವಜೀರಾಬಿಗೆ ಆ ರಾತ್ರಿ ಊಟ ಸೇರಲಿಲ್ಲ. ತನ್ನನ್ನು ಯಾರು ಏನಂದರೂ ಸಹಿಸಬಹುದು, ಮಗಳ ಸಂಸಾರದಲ್ಲಿ ಕಸ ಬಿದ್ದರೆ ಹೇಗೆ ಎಂಬ ಚಿಂತೆ.

ಮರುದಿನ ಅಂಬಾರಾಯ ಗೌಡರು ಬಂದರು. ಅವರದೂ ಚಿಂತೆಯ ಮುಖ.

"ಒಂದು ಉಪಾಯ ಅದ ವಜೀರಾಬಿ. ಈಗ ಕಂಪ್ಯೂಟರಿನ್ಯಾಗ ಯಾರ ದನಿ ಬೇಕಾದ್ರೂ ಮಾಡ್ತಾರಂತ, ಯಾರ ಫೋಟೋ ಬೇಕಾದ್ರೂ ಮಾಡ್ತಾರಂತ. ಅದು ನಂದಲ್ಲ, ಖೊಟ್ಟಿ ಅಂತ ಒಂದು ಮಾತು ಅಂದುಬಿಡ್ರಿ. ಮುಗೀತು."

"ನನ್ನ ದನಿ ನಾ ಯಾಕ ಖೊಟ್ಟಿ ಅನ್ಲಿ ಗೌಡ್ರ? ಹಿಂದ ಪೇಟಿ ಬಾರಸಾಕತ್ತವ್ರು ನಮ್ಮ ಅಬ್ಬಾ. ಅವ್ರನ್ನೂ ಖೊಟ್ಟಿ ಅನಬೇಕೇನು?"

ಗೌಡರು ದನಿ ತಗ್ಗಿಸಿದರು. "ಹಂಗಾದ್ರ ಇನ್ನೊಂದು. ದತ್ತಪ್ಪ ಹರೇದಾಗ ನಿಮ್ಮ ಕಂಪನಿ ಕಡಿ ಭಾಳ ಓಡಾಡ್ತಿದ್ದ ಅಂತ ನಮ್ಮಪ್ಪ ಅಂತಿದ್ದ. ಅವಂದು ಏನರೆ ಗೊತ್ತಿದ್ರ ಹೇಳ್ರಿ. ನಾವೂ ಗ್ರೂಪಿನ್ಯಾಗ ಹಾಕೋಣು."

ವಜೀರಾಬಿಗೆ ಗೊತ್ತಿತ್ತು. ಆ ಕ್ಯಾಸೆಟ್ ಯಾರ ಮನೆಯಲ್ಲಿ ಇಷ್ಟು ವರ್ಷ ಜೋಪಾನವಾಗಿತ್ತು ಎಂದು ಅವರು ಹಾಡು ಕೇಳಿದ ಗಳಿಗೆಯಲ್ಲೇ ಊಹಿಸಿದ್ದರು. ಆದರೆ ಗೌಡರಿಗೆ ಹೇಳಲಿಲ್ಲ. ನನಗೆ ಈ ಸಂಗತಿ ತಿಳಿದದ್ದು ಚುನಾವಣೆ ಮುಗಿದ ಮೇಲೆ, ದತ್ತಪ್ಪನ ಬಾಯಿಂದಲೇ.

ದತ್ತಪ್ಪನಿಗೆ ಆಗ ಇಪ್ಪತ್ತು ಇರಬಹುದು. ಅಫಜಲಪುರದಲ್ಲಿ ಕಂಪನಿ ಇದ್ದಾಗ ಅಪ್ಪನ ಜೊತೆ ಜಗಳ ಮಾಡಿಕೊಂಡು ಮನೆ ಬಿಟ್ಟು ಬಂದು, ನಟನಾಗುತ್ತೇನೆಂದು ಮಾಲೀಕರ ಮುಂದೆ ಕೂತ. ಪಾತ್ರ ಖಾಲಿ ಇರಲಿಲ್ಲ. ಪರದೆ ಎಳೆದ, ನೀರು ಹೊತ್ತ, ಮರೆಯಲ್ಲಿ ನಿಂತು ನಟರಿಗೆ ಸಾಲು ಹೇಳಿಕೊಟ್ಟ. ಕಡೆಗೆ ಒಂದು ದಿನ ರಾಣಿಯ ಸಖಿಯ ಪಾತ್ರಕ್ಕೆ ಆಳು ಕಮ್ಮಿ ಬಿತ್ತು. ವಜೀರುನ್ನಿಸಾ ಅವರೇ ಆತನಿಗೆ ಸೀರೆ ಉಡಿಸಿ, ಕೂದಲಿಗೆ ಸವರಿ ಕಟ್ಟಿ, ಮೀಸೆ ಬೋಳಿಸಿ ರಂಗಕ್ಕೆ ಬಿಟ್ಟರು. ಸಖಿಗೆ ಎರಡೇ ಮಾತು. ಎರಡೂ ಹೇಳಿ ಮುಗಿಸುವಷ್ಟರಲ್ಲಿ ಮುಂದಿನ ಸಾಲಿನಿಂದ ಆತನ ಅಪ್ಪ ಎದ್ದು ನಿಂತ. ಮಗನನ್ನು ಹುಡುಕಿಕೊಂಡು ಬಂದವನಿಗೆ ಮಗ ಸೀರೆಯಲ್ಲಿ ಸಿಕ್ಕಿದ. ರಂಗದ ಮೇಲಿಂದಲೇ ರಟ್ಟೆ ಹಿಡಿದು ಎತ್ತಿನ ಗಾಡಿಗೆ ಹತ್ತಿಸಿಕೊಂಡು ಹೋದ. ಊರಿಗೆ ಹೋದ ಮೇಲೆ ಆ ಸುದ್ದಿ ಯಾರಿಗೂ ಗೊತ್ತಾಗದಂತೆ ಇಬ್ಬರೂ ನೋಡಿಕೊಂಡರು. ಮತ್ತೆಂದೂ ದತ್ತಪ್ಪ ಮೀಸೆ ಬೋಳಿಸಲಿಲ್ಲ.

"ಅಂಥಾದೇನೂ ನನಗ ನೆನಪಿಲ್ರಿ ಗೌಡ್ರ," ಎಂದರು ವಜೀರಾಬಿ. ಗೌಡರು ನಂಬಲಿಲ್ಲ, ಒತ್ತಾಯವನ್ನೂ ಮಾಡಲಿಲ್ಲ.

ವಾಟ್ಸಾಪಿನ ಬಾಣ ಗುರಿ ತಪ್ಪಿದ ಮೇಲೆ ದತ್ತಪ್ಪನ ತಮ್ಮನ ಮಗ ಜಗದೇವ ಇನ್ನೊಂದು ಹೂಡಿದ. ಸಂತೆಯ ದಿನ ಒಂದು ಆಟೋಕ್ಕೆ ಎರಡು ಮೈಕು ಕಟ್ಟಿ, ಹಾಡನ್ನು ಹಚ್ಚಿ, ಸಂತೆಯ ನಡುವೆ ನಿಲ್ಲಿಸಿದ. ನಾಲ್ಕು ಸಾಲು ಹಾಡು, ಆಮೇಲೆ, "ಮಹನೀಯರೇ, ಇಂಥವರು ನಿಮ್ಮ ಪಂಚಾಯಿತಿಗೆ ಬೇಕೇ? ಯೋಚಿಸಿ ಮತ ನೀಡಿ" ಎಂಬ ಘೋಷಣೆ. ಮತ್ತೆ ಹಾಡು. ಆಟೋ ನಿಂತದ್ದು ದತ್ತಪ್ಪನ ಅಂಗಡಿಯ ಎದುರಿಗೇ. ದತ್ತಪ್ಪ ಒಳಗೆ ಕುರ್ಚಿಯಲ್ಲಿ ಕೂತು ಗೊಬ್ಬರದ ಚೀಲ ತೂಗಿಸುತ್ತಿದ್ದ.

ಸುದ್ದಿ ತಿಳಿದ ವಜೀರಾಬಿ ಹಿಟ್ಟಿನ ಕೈಯಲ್ಲೇ ಬಂದರು. ಹಿಂದೆ ಮಲ್ಕಮ್ಮ, ತಬಸ್ಸುಮ, ಕೇಂದ್ರದ ಎಲ್ಲ ಹೆಂಗಸರು. ಸಂತೆಯ ಮಂದಿ ತಕ್ಕಡಿ ಬಿಟ್ಟು ದಾರಿ ಕೊಟ್ಟರು. ಆ ದಿನ ನಾನೂ ಅಲ್ಲೇ ಮೆಣಸಿನಕಾಯಿ ಕೊಳ್ಳುತ್ತಿದ್ದೆ. ಏನೋ ರಾದ್ಧಾಂತವಾಗುತ್ತದೆ ಎಂದು ನಾನೂ ಅಂದುಕೊಂಡೆ.

ಆಕೆ ಆಟೋದವನ ಹತ್ತಿರ ಹೋಗಿ, "ತಮ್ಮಾ, ಅದನ್ನ ಬಂದ್ ಮಾಡು," ಎಂದರು.

ಆತ ಜಗದೇವನ ಮುಖ ನೋಡಿದ.

"ಬೈಯಾಕ ಬಂದಿಲ್ಲ. ಕ್ಯಾಸೆಟ್ ಜೀರ್ಣ ಆಗ್ಯಾದ, ಗಡಗಿ ಸಾಲಿನ್ಯಾಗ ಅರ್ಧ ನುಂಗಾಕತ್ತದ. ಹಾಡ ಕೇಳಸೂದ ಇದ್ರ ಛಂದಾಗಿ ಕೇಳಸಬೇಕು. ಮೈಕ್ ಕೊಡು ಇಲ್ಲಿ."

ಮೈಕು ಕೈಗೆ ಬಂತು. ಆಕೆ ಸೆರಗು ತಲೆಯ ಮೇಲೆ ಸರಿಮಾಡಿಕೊಂಡು, ಗಂಟಲು ಸರಿಪಡಿಸಿಕೊಂಡು, ಗಂಡ ಪ್ಯಾಟಿಗಿ ಹೋದಲ್ಲಿಂದ ಶುರುಮಾಡಿದರು. ದನಿ ಒಡೆದಿತ್ತು. ಆದರೂ ತಾಳ ತಪ್ಪಲಿಲ್ಲ. ಗಡಗಿ, ಗಡಿಯಾರ, ಜ್ವಾಳ, ಜೋಕಾಲಿ. ಹಗ್ಗ ಹರಿಯುವಲ್ಲಿ ಸೊಂಟಕ್ಕೆ ಹಿಟ್ಟಿನ ಕೈ ಇಟ್ಟು ಆ ನೋಟ ನೋಡಿದರು. ಸಂತೆಗೆ ಸಂತೆಯೇ ನಕ್ಕಿತು. ತರಕಾರಿಯ ಮುದುಕ ಸಿಳ್ಳೆ ಹಾಕಿದ.

ಮುಂದಿನ ಚರಣ ಕ್ಯಾಸೆಟ್‌ನಲ್ಲಿ ಇರಲಿಲ್ಲ, ರಂಗದ ಮೇಲೆ ಮಾತ್ರ ಹಾಡುತ್ತಿದ್ದದ್ದು. "ಎಣ್ಣಿ ತಾ ಅಂದರ ಕನ್ನಡಿ ತಂದಾನ..." ಎಂದು ಎತ್ತಿಕೊಂಡರು. ಅಲ್ಲಿಗೆ ನಿಂತರು. ಮುಂದಿನ ಸಾಲು ಬರಲೊಲ್ಲದು. ಮತ್ತೊಮ್ಮೆ, "ಎಣ್ಣಿ ತಾ ಅಂದರ ಕನ್ನಡಿ ತಂದಾನ..." ಎಂದರು. ಮತ್ತೆ ನಿಂತರು.

ಆಗ ಗೊಬ್ಬರದ ಅಂಗಡಿಯ ಒಳಗಿನಿಂದ, ಮೆತ್ತಗೆ, ಆದರೆ ಸ್ಪಷ್ಟವಾಗಿ, ಒಂದು ಗಂಡುದನಿ ಬಂತು:

"ಎದರಿಗಿ ನಿಂತು ಮೀಸಿ ತಿರಿವ್ಯಾನ."

ದತ್ತಪ್ಪ. ಕುರ್ಚಿಯಲ್ಲಿ ಕೂತಲ್ಲೇ ಆತನ ಕಾಲು ತಾಳ ಹಾಕುತ್ತಿತ್ತು. ಮರೆಯಿಂದ ಸಾಲು ಕೊಡುವುದು ಎಂದೋ ಮಾಡಿದ ಕೆಲಸ, ಗೊತ್ತಿಲ್ಲದೆ ನಾಲಿಗೆ ಮಾಡಿಬಿಟ್ಟಿತ್ತು. ಆಮೇಲೆ ಬಿದ್ದ ನಗೆಗೆ ಆಟೋದ ಮೈಕು ಕೂಡ ಗುಂಯ್ ಎಂದಿತು.

"ಮೆಹರ್ಬಾನಿ ಸಾವ್ಕಾರ್ರ," ಎಂದು ಹೇಳಿ ವಜೀರಾಬಿ ಹಾಡು ಮುಗಿಸಿದರು. ಮುಗಿಸಿ, ಮೈಕು ಬಿಡದೆ ಹೇಳಿದರು: "ಇದು ನಾನ. ಫೋಟೋದಾಗಿನ ದೇವಿನೂ ನಾನ. ರೊಟ್ಟಿ ಬಡಿಯಾಕಿನೂ ನಾನ. ಇನ್ನ ಏನರೆ ಕೇಳೂದಿತ್ತಂದ್ರ ನನ್ನ ಕೇಳ್ರಿ, ಪಾಪ ಆಟೋದವಗ ತ್ರಾಸ ಯಾಕ?"

ಗುಂಪಿನಿಂದ ಒಬ್ಬ ಹರೆಯದವನು ಕೂಗಿದ: "ವಜೀರಾಬಿ, ಸಾವ್ಕಾರ್ರಿಗೆ ಆ ಸಾಲು ಹ್ಯಾಂಗ ಗೊತ್ತು? ಅದು ಕ್ಯಾಸೆಟಿನ್ಯಾಗ ಇಲ್ಲಲ್ಲ?"

ಎಲ್ಲರೂ ಅಂಗಡಿಯ ಕಡೆ ತಿರುಗಿದರು. ದತ್ತಪ್ಪ ತಕ್ಕಡಿಯ ಕಡೆ ತಲೆ ಬಗ್ಗಿಸಿದ. ಗುಂಪಿನ ಅಂಚಿನಲ್ಲಿ ನಿಂತಿದ್ದ ಅಂಬಾರಾಯ ಗೌಡರು ಎರಡು ಹೆಜ್ಜೆ ಮುಂದೆ ಬಂದರು. ವಜೀರಾಬಿ ಒಂದು ಮಾತು ಹೇಳಿದ್ದರೆ ಅವತ್ತೇ ಚುನಾವಣೆ ಮುಗಿಯುತ್ತಿತ್ತು.

"ಅವಾಗ ಈ ಹಾಡ ಯಾರಿಗಿ ಗೊತ್ತಿರಲಿಲ್ಲಪ್ಪಾ?" ಎಂದರು ಆಕೆ. "ಮನಿಗಿ ಹೋಗಿ ನಿಮ್ಮಪ್ಪಗ ಕೇಳು. ಪೂರಾ ಹಾಡಿ ತೋರಸ್ತಾನ."

ನಗು ಆ ಹುಡುಗನ ಕಡೆ ತಿರುಗಿತು. ಮೈಕು ಆಟೋದವನ ಕೈಗೆ ಹೋಯಿತು. ಆತ ಜಗದೇವನನ್ನು ಕೇಳದೆಯೇ ಗಾಡಿ ತಿರುಗಿಸಿಕೊಂಡು ಹೋದ.

ಆಕೆ ನಿಜವಾಗಿ ಸಾಲು ಮರೆತಿದ್ದರೇ, ಇಲ್ಲ ಬೇಕೆಂದೇ ನಿಲ್ಲಿಸಿದರೇ ಎಂದು ಊರಿನಲ್ಲಿ ಇನ್ನೂ ವಾದವಿದೆ. ಕೇಳಿದರೆ, "ಖರೇನ ಮರ್ತಿದ್ದೆ" ಎನ್ನುತ್ತಾರೆ. ಹಾಗೆ ಹೇಳುವಾಗ ಮುಖ ಮಾತ್ರ ತೀರಾ ಸಾಧುವಾಗಿರುತ್ತದೆ.

ಮರುದಿನ ಮಧ್ಯಾಹ್ನ, ಹೆಂಗಸರೆಲ್ಲ ಊಟಕ್ಕೆ ಹೋದ ಹೊತ್ತಿಗೆ, ದತ್ತಪ್ಪ ರೊಟ್ಟಿ ಕೇಂದ್ರಕ್ಕೆ ಬಂದ. ಬಾಗಿಲಲ್ಲೇ ನಿಂತ.

"ಯಾಕ ಹೇಳಲಿಲ್ಲ?"

"ಏನ್ರಿ?"

"ನನ್ನ ಸಖಿ ಪಾತ್ರ. ಸೀರಿ. ನಮ್ಮಪ್ಪ ಬಂದದ್ದು."

ವಜೀರಾಬಿ ಒಲೆಯ ಮೇಲಿನ ರೊಟ್ಟಿ ತಿರುವಿ ಹಾಕಿದರು. "ಸಾವ್ಕಾರ್ರ, ಅವತ್ತ ನೀವು ಭಾಳ ಖುಷಿಯಾಗಿದ್ರಿ. ಕನ್ನಡಿ ಮುಂದ ನಿಂತು, 'ಅಕ್ಕಾ, ನಾ ಖರೇನ ಸಖಿ ಹಂಗ ಕಾಣಸ್ತೇನಿ?' ಅಂತ ಕೇಳಿದ್ರಿ. ಅದನ್ನ ಬೈಗುಳ ಮಾಡಾಕ ನನಗ ಬರಂಗಿಲ್ಲ."

ದತ್ತಪ್ಪ ಚಪ್ಪಲಿ ಬಿಟ್ಟು ಒಳಗೆ ಬಂದ. "ಹುಡುಗುರು ಮಾಡಿದ್ರು, ನಾ ಬ್ಯಾಡ ಅನಲಿಲ್ಲ. ತಪ್ಪಾತು," ಎಂದ. ಆಮೇಲೆ ಗಟ್ಟಿಯಾಗಿ, "ಆದ್ರ ನನ್ನ ವೋಟು ನಿಮಗ ಹಾಕಂಗಿಲ್ಲ ಮತ್ತ," ಎಂದ.

"ಬ್ಯಾಡ್ರಿ. ನಿಮ್ಮ ಪ್ಯಾನೆಲ್ಲಿಗೇ ಹಾಕ್ರಿ. ಬಿಸಿ ರೊಟ್ಟಿ ಅದ, ತಿಂದು ಹೋಗ್ರಿ."

ಆತ ತಿಂದ. ಕ್ಯಾಸೆಟ್ ಕೊಟ್ಟು ಹೋಗುತ್ತೇನೆ ಎಂದು ಅಂಗಿಯ ಕಿಸೆಯಿಂದ ತೆಗೆದ. ಆಕೆ, ಅದರ ಮೇಲೆ ಅಬ್ಬಾನ ಹೆಸರು ಇದೆಯೇ ಎಂದು ಕೇಳಿದರು. ಇತ್ತು. ಸೆರಗಿನಿಂದ ಒರೆಸಿ ಇಟ್ಟುಕೊಂಡರು.

ಇನ್ನು ಉಳಿದದ್ದು ಆಳಂದದ ಚಿಂತೆ. ಸಂತೆಯ ಹಾಡನ್ನು ಹತ್ತಾರು ಜನ ಮೊಬೈಲಿನಲ್ಲಿ ಹಿಡಿದಿದ್ದರು, ಅದು ಆಳಂದಕ್ಕೂ ಹೋಗಿತ್ತು. ಮತದಾನಕ್ಕೆ ಎರಡು ದಿನ ಇರುವಾಗ ಫಯಾಜನ ಕಾರು ಬಂದು ಮನೆಯ ಮುಂದೆ ನಿಂತಿತು. ಮೊದಲು ಯಾಸ್ಮೀನ ಇಳಿದಳು, ಹಿಂದೆ ಖಮರ ಬೇಗಂ. ವಜೀರಾಬಿ ಬಾಗಿಲಿಗೆ ಬಂದು ಸಲಾಂ ಹೇಳಿ ನಿಂತರು. ಅಷ್ಟು ದೊಡ್ಡ ಸಂತೆಯಲ್ಲಿ ಹಾಡಿದವರಿಗೆ ಅಲ್ಲಿ ಒಳಗೆ ಬನ್ನಿ ಎನ್ನುವುದೂ ಮರೆತುಹೋಯಿತು ಎಂದು ಆಮೇಲೆ ಅವರೇ ಹೇಳಿದರು.

ಖಮರ ಬೇಗಂ ಒಳಗೆ ಕೂತು, ನೀರು ಕುಡಿದು, ಲೋಟ ಕೆಳಗಿಟ್ಟು ಹೇಳಿದರು: "ಹಾಡ ನನಗ ಸೇರಲಿಲ್ಲ. ಸೇರ್ತು ಅಂತ ಸುಳ್ಳ ಹೇಳಂಗಿಲ್ಲ."

"ಹೌದ್ರಿ," ಎಂದರು ವಜೀರಾಬಿ.

"ಆದ್ರ ಒಂದು ಹೆಂಗಸಿನ ಹರೇದ ಕಾಲನ ಆಟೋದಾಗ ಹಾಕ್ಕೊಂಡು ಊರ ತುಂಬ ತಿರಗಸೂದು, ಅದು ಹಾಡಿಗಿಂತ ಹೊಲಸು. ಅದಕ್ಕ ಬಂದೇನಿ."

"ಹ್ಯಾಂಗ್ರಿ?"

"ಹ್ಯಾಂಗಂದ್ರ? ಯಾವ್ಯಾವ ಮನಿ ಬಾಗಿಲ ಅರ್ಧ ತಗದಾರ, ತೋರಸ್ರಿ. ನಾ ಬರ್ತೇನಿ."

ಮೂವರು ಹೆಂಗಸರೂ ಮಸೀದಿ ಓಣಿಯಲ್ಲಿ ಮನೆಮನೆಗೆ ಹೋದರು. ಖಮರ ಬೇಗಂ ಯಾರ ಹತ್ತಿರವೂ ಮತ ಕೇಳಲಿಲ್ಲ. "ನಾ ಇವ್ರ ಬೀಗತಿ" ಎಂದಷ್ಟೇ ಹೇಳಿ, ಕೊಟ್ಟ ಚಹಾ ಕುಡಿದು, ಎದ್ದು ಬಂದರು. ಅರ್ಧ ತೆರೆದಿದ್ದ ಬಾಗಿಲುಗಳಿಗೆ ಅದು ಸಾಕಾಯಿತು. ಕಾರು ಹತ್ತುವಾಗ ಮಾತ್ರ ಮುಖ ಅತ್ತ ತಿರುಗಿಸಿಕೊಂಡು, "ಆ ಗಡಿಯಾರದ ಸಾಲು ಅಷ್ಟೇನ ಖರಾಬ್ ಇಲ್ಲ. ನಮ್ಮ ಮನ್ಯಾಗೂ ಅದು ನಡದದ," ಎಂದರಂತೆ.

ಫಲಿತಾಂಶದ ದಿನ ವಜೀರಾಬಿ ಗೆದ್ದರು. ದೊಡ್ಡ ಅಂತರವೇನಲ್ಲ, ಆದರೆ ಎರಡೂ ಓಣಿಗಳಿಂದ ಮತ ಬಂದಿತ್ತು. ಅದೇ ವಾರ್ಡಿನ ಇನ್ನೊಂದು ಸೀಟಿನಿಂದ ದತ್ತಪ್ಪನೂ ಗೆದ್ದ. ಅಧ್ಯಕ್ಷ ಸ್ಥಾನ ಇಬ್ಬರ ಪಾಲಿಗೂ ಬರಲಿಲ್ಲ, ಮೀಸಲಾತಿಯ ಲೆಕ್ಕದಲ್ಲಿ ಅದು ಪಕ್ಕದ ವಾರ್ಡಿನವರಿಗೆ ಹೋಯಿತು. ಅಂಬಾರಾಯ ಗೌಡರು ಸ್ವಲ್ಪ ದಿನ ಮುನಿಸಿಕೊಂಡಿದ್ದರು. ಒಂದು ಮಾತು ಹೇಳಿದ್ದರೆ ದತ್ತಪ್ಪ ಸೋಲುತ್ತಿದ್ದ ಎಂಬುದು ಅವರ ಕೊರಗು.

ಮೊದಲ ಸಭೆಗೆ ನಾನು ಹೋಗಿರಲಿಲ್ಲ, ಆದರೆ ಪಂಚಾಯಿತಿ ಕಟ್ಟಡದ ಹೊರಗೆ ಅರಳಿಕಟ್ಟೆಯ ಮೇಲೆ ಕೂತಿದ್ದೆ. ಒಳಗೆ ಚರಂಡಿಯ ಮಾತು ನಡೆದಿತ್ತು. ಚರಂಡಿ ಮೊದಲು ಶಾಲೆಯ ಕಡೆಯಿಂದ ಆಗಬೇಕು ಎಂದು ವಜೀರಾಬಿ, ಗುಡಿಯ ಕಡೆಯಿಂದ ಆಗಬೇಕು ಎಂದು ದತ್ತಪ್ಪ. ಇಳಿಜಾರು ಯಾವ ಕಡೆಗೆ, ಮಳೆಗಾಲದಲ್ಲಿ ನೀರು ಎಲ್ಲಿ ನಿಲ್ಲುತ್ತದೆ, ಹೋದ ಸಲ ಹಾಕಿದ ಪೈಪು ಯಾಕೆ ಒಡೆಯಿತು, ಹೀಗೆ ಜಗಳ ಜೋರಾಯಿತು. ಹಾಡಿನ ಮಾತು ಯಾರೂ ಎತ್ತಲಿಲ್ಲ, ಸೀರೆಯ ಮಾತು ವಜೀರಾಬಿ ಎತ್ತಲಿಲ್ಲ.

ಕಟ್ಟೆಯ ಮೇಲೆ ನನ್ನ ಪಕ್ಕ ಮಲ್ಕಮ್ಮ ಬಂದು ಕೂತಳು. ಸ್ವಲ್ಪ ಹೊತ್ತು ಕಿವಿಗೊಟ್ಟು ಕೇಳಿ, ಅಡಿಕೆ ಬಾಯಿಗೆ ಹಾಕಿಕೊಂಡಳು.

"ಇವತ್ತ ಶಾಲಿ ಕಡಿನ ಆಗತದ ನೋಡ್ರಿ ಅಳಿಯಂದ್ರ," ಎಂದಳು. "ಸಾವ್ಕಾರ್ರಿಗೆ ದನಿ ಸಾಲವಲ್ದು."

ಚರಂಡಿ ಶಾಲೆಯ ಕಡೆಯಿಂದಲೇ ಶುರುವಾಯಿತು. ಕೆಲಸ ಈಗ ನಡುಬೀದಿಗೆ ಬಂದಿದೆ, ದಿನಾ ಸಂಜೆ ಇಬ್ಬರೂ ಹೋಗಿ ಎರಡು ಬದಿಯಲ್ಲಿ ನಿಂತು ಗುತ್ತಿಗೆದಾರನನ್ನು ಬೈಯುತ್ತಾರೆ.